‘ಅಡ್ಡಿಯಿಲ್ಲ’ ಎಂದರೆ ಹತ್ತರಲ್ಲಿ ಎಷ್ಟು?

ನಾಲ್ಕನೆಯ ಕಿಮೊ ಮುಗಿದು ಇವತ್ತಿಗೆ ಇಪ್ಪತ್ತೆರಡು ದಿನ. ವಾಂತಿ ತಡೆಯುವ ಮಾತ್ರೆಯ ಅಧ್ಯಯನದ ಡೈರಿಯನ್ನೂ ಖಾಲಿ ಬಾಟಲಿಗಳನ್ನೂ ಮೊನ್ನೆ ವಾಪಸು ಕೊಟ್ಟು ಬಂದೆ. ತೀರ್ಥಹಳ್ಳಿ ಕಡೆಯ ಇನ್ನಿಬ್ಬರು ಹೆಂಗಸರು ಅದಕ್ಕೆ ಸೇರುವುದೋ ಬೇಡವೋ ಎಂದು ನನ್ನನ್ನು ಕೇಳಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವಷ್ಟು ಉಸಿರು ಈಗ ನನ್ನಲ್ಲಿಲ್ಲ, ಹಾಗಾಗಿ ಒಮ್ಮೆಗೇ ಬರೆದುಬಿಡುತ್ತೇನೆ. ಸೇರಿ ಎಂದು ಹೇಳಲು ನಾನು ಡಾಕ್ಟರಲ್ಲ, ಬೇಡ ಎನ್ನಲು ಕಾರಣವೂ ಇಲ್ಲ. ಎಲ್ಲಿ ಎಷ್ಟು ಹೊತ್ತು ಕಾಯಬೇಕು, ಯಾವ ಕಾಗದ ಮರೆತರೆ ಮತ್ತೆ ಘಾಟಿ ಹತ್ತಿ ಇಳಿಯಬೇಕು ಎಂಬುದಷ್ಟು ಗೊತ್ತಾದರೆ ಅರ್ಧ ಸಂಕಟ ಕಡಿಮೆ.

ನನ್ನ ವಯಸ್ಸು ಐವತ್ತೊಂದು. ನಮ್ಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಮೇಲ್ವಿಚಾರಕಿ. ಮನೆಯಲ್ಲಿ ಯಜಮಾನರು, ಅತ್ತೆ, ಒಂದು ಎಕರೆ ಚಿಲ್ಲರೆ ಅಡಿಕೆ ತೋಟ. ಎಡ ಸ್ತನದಲ್ಲಿ ಗಂಟು ಕೈಗೆ ಸಿಕ್ಕಿದ್ದು ಏಪ್ರಿಲ್‌ನಲ್ಲಿ. ಶಿವಮೊಗ್ಗದಲ್ಲಿ ಬಯಾಪ್ಸಿ ಆಯಿತು, ಜುಲೈನಲ್ಲಿ ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆ ಕತೆ ಇನ್ನೊಮ್ಮೆ. ಗಾಯ ಮಾಗಿದ ಮೇಲೆ ಇಪ್ಪತ್ತೊಂದು ದಿನಕ್ಕೊಂದರಂತೆ ನಾಲ್ಕು ಕಿಮೊ, ಆಮೇಲೆ ವಾರಕ್ಕೊಂದರಂತೆ ಹನ್ನೆರಡು ಎಂದು ಲೆಕ್ಕ ಕೊಟ್ಟರು. ಮೊದಲ ನಾಲ್ಕರಲ್ಲಿ ಎರಡು ಔಷಧಗಳು: ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್. ಮೊದಲನೆಯದು ಕೋಕಂ ಶರಬತ್ತಿನ ಬಣ್ಣದ್ದು. ಅದು ಮೈಗೆ ಹೋದ ದಿನ ಮೂತ್ರವೂ ಕೆಂಪಾಗುತ್ತದೆ. ಮೊದಲೇ ಹೇಳಿರದಿದ್ದರೆ ನಾನು ಬಚ್ಚಲಲ್ಲೇ ಕುಸಿಯುತ್ತಿದ್ದೆ. ಈ ಎರಡರ ಜೋಡಿ ವಾಂತಿ ಮಾಡಿಸುವುದರಲ್ಲಿ ಮೊದಲ ದರ್ಜೆಯದಂತೆ.

ಆಗಲೇ ಡಾಕ್ಟರರು ಒಂದು ಅಧ್ಯಯನ ನಡೆಯುತ್ತಿದೆ, ಇಷ್ಟವಿದ್ದರೆ ಸೇರಬಹುದು, ಇಲ್ಲದಿದ್ದರೂ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ ಎಂದರು. ಮನೆಗೆ ಬಂದು ಹೇಳಿದಾಗ ಎಲ್ಲರ ಕಿವಿಗೆ ಬಿದ್ದದ್ದು ‘ಪ್ರಯೋಗ’ ಎಂಬ ಒಂದೇ ಮಾತು. ಸಾಗರದಿಂದ ನಾದಿನಿ ಫೋನ್ ಮಾಡಿ, ‘ಅತ್ತಿಗೆ, ನಿಮ್ಮನ್ನು ಇಲಿ ಮಾಡುತ್ತಾರೆ’ ಎಂದಳು. ಕ್ಯಾನ್ಸರಿಗೆ ಹೊಸ ಔಷಧವನ್ನು ನನ್ನ ಮೇಲೆ ಪರೀಕ್ಷಿಸುತ್ತಾರೆ ಎಂದೇ ಅವಳ ಎಣಿಕೆ. ಇದು ಅದಲ್ಲ. ಕ್ಯಾನ್ಸರಿನ ಔಷಧ ಎಲ್ಲರಿಗೂ ಕೊಡುವುದೇ. ವಾಂತಿ ತಡೆಯಲು ಎಲ್ಲರಿಗೂ ಕೊಡುವ ಇಂಜೆಕ್ಷನ್, ಕ್ಯಾಪ್ಸೂಲ್‌ಗಳೂ ಇರುತ್ತವೆ. ಅವುಗಳ ಜೊತೆಗೆ ರಾತ್ರಿ ತೆಗೆದುಕೊಳ್ಳುವ ಇನ್ನೊಂದು ಮಾತ್ರೆ ಎಷ್ಟು ಮಿಲಿಗ್ರಾಂ ಇದ್ದರೆ ಸಾಕು ಎಂಬುದಷ್ಟೇ ಅವರ ಪ್ರಶ್ನೆ.

ಆ ಮಾತ್ರೆ ಒಲಾಂಜಪೈನ್. ಹೊಸದೇನಲ್ಲ, 1996ರಲ್ಲೇ ಅಮೆರಿಕದಲ್ಲಿ ಸ್ಕಿಜೋಫ್ರೇನಿಯಾ ಕಾಯಿಲೆಗೆ ಅನುಮತಿ ಪಡೆದದ್ದು. ಮೆದುಳಿನಲ್ಲಿ ವಾಕರಿಕೆ ಎಬ್ಬಿಸುವ ಹಲವು ಸಂಕೇತಗಳನ್ನು ಅದು ಒಟ್ಟಿಗೇ ತಡೆಯುತ್ತದೆ. 10 ಮಿಲಿಗ್ರಾಂ ಕೊಟ್ಟರೆ ಕಿಮೊ ರೋಗಿಗಳ ವಾಂತಿಯಷ್ಟೇ ಅಲ್ಲ, ಹೊಟ್ಟೆ ತೊಳಸುವುದೂ ಕಡಿಮೆಯಾಗುತ್ತದೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2016ರಲ್ಲಿ ತೋರಿಸಿತು. ತೊಂದರೆಯೆಂದರೆ ನಿದ್ದೆ. ಜಪಾನಿನವರು ಅರ್ಧಕ್ಕಿಳಿಸಿ 5 ಮಿಲಿಗ್ರಾಂ ನೋಡಿದರು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಇನ್ನೂ ಇಳಿಸಿ, 2.5 ಮಿಲಿಗ್ರಾಂ ಕೂಡ 10ರಷ್ಟೇ ಕೆಲಸ ಮಾಡುತ್ತದೆ, ಮಂಪರು ಬಹಳ ಕಡಿಮೆ ಎಂದು 2024ರಲ್ಲಿ ಪ್ರಕಟಿಸಿದರು. ನನ್ನ ಪಾಲಿಗೆ ಬಂದದ್ದು 5 ಮತ್ತು 2.5ರ ನಡುವಿನ ಹೋಲಿಕೆ. ಮಾನಸಿಕ ಕಾಯಿಲೆಯ ಮಾತ್ರೆ ಎಂದು ಔಷಧಿ ಅಂಗಡಿಯವರೋ ನೆಂಟರೋ ಹೇಳಿದರೆ ಗಾಬರಿಯಾಗಬೇಡಿ. ಅದೇ ಮಾತ್ರೆ, ಕೆಲಸ ಬೇರೆ.

ಒಪ್ಪಿಗೆಯ ಕಾಗದ ಹನ್ನೊಂದು ಪುಟ. ಕನ್ನಡದ್ದೇ, ಆದರೆ ಯಾವ ಊರಿನ ಕನ್ನಡವೋ ತಿಳಿಯದು. ‘ಯಾದೃಚ್ಛಿಕ ಹಂಚಿಕೆ’ ಎಂಬಲ್ಲಿ ನಾನು ಎಡವಿದೆ, ‘ಇಬ್ಬದಿ ಕುರುಡು ಅಧ್ಯಯನ’ ಎಂಬಲ್ಲಿ ಯಜಮಾನರು. ಕನ್ನಡಕ ತೆಗೆದಿಟ್ಟು, ‘ಮಾರಾಯ್ತಿ, ಕಣ್ಣಿಗೂ ತೊಂದರೆ ಇದೆಯಂತಲ್ಲ’ ಎಂದರು. ಮರುದಿನ ಅಧ್ಯಯನದ ಕೋಆರ್ಡಿನೇಟರ್ ಹುಡುಗಿಯನ್ನು ಕೇಳಿದಾಗ ಅವಳು ನಗು ತಡೆದುಕೊಂಡು ವಿವರಿಸಿದಳು. ಚೀಟಿ ಎತ್ತಿದಂತೆ ಕಂಪ್ಯೂಟರ್ ನನಗೊಂದು ಗುಂಪು ಆರಿಸುತ್ತದೆ. ಎರಡೂ ಪ್ರಮಾಣದ ಕ್ಯಾಪ್ಸೂಲ್ ನೋಡಲು ಒಂದೇ ಥರ. ನನ್ನದು ಯಾವುದು ಎಂದು ನನಗೂ ಗೊತ್ತಿರುವುದಿಲ್ಲ, ಡಾಕ್ಟರರಿಗೂ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಇಬ್ಬರೂ ನಮಗೆ ಬೇಕಾದಂತೆ ನೋಡುತ್ತೇವಲ್ಲ, ಅದಕ್ಕೆ. ತುರ್ತಾದರೆ ಮಾತ್ರ ಗುಟ್ಟು ಬಿಚ್ಚುವ ವ್ಯವಸ್ಥೆ ಇರುತ್ತದೆ.

ಅಲ್ಲೇ ಕುಳಿತು ಸಹಿ ಹಾಕಬೇಡಿ. ಮನೆಗೆ ಒಯ್ದು ಓದುತ್ತೇನೆ ಎನ್ನಿ, ಕೊಡುತ್ತಾರೆ. ನಿಮಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಪತ್ರ ಕೊಡುವುದು, ಸಹಿಯಾದ ಪ್ರತಿಯೊಂದನ್ನು ನಿಮ್ಮ ಕೈಗೆ ಕೊಡುವುದು ಅವರ ಕರ್ತವ್ಯ. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಗೆ ಬರಬಹುದು. ಕೊನೆಯ ಪುಟದಲ್ಲಿ, ಅಧ್ಯಯನ ನ್ಯಾಯವಾಗಿ ನಡೆಯುತ್ತದೆಯೇ ಎಂದು ನೋಡಿಕೊಳ್ಳುವ ಎಥಿಕ್ಸ್ ಸಮಿತಿಯ ಕಾರ್ಯದರ್ಶಿಯ ನಂಬರ್ ಇರುತ್ತದೆ. ನಾನು ಅಷ್ಟಕ್ಕೇ ಬಿಡದೆ ಆ ನಂಬರಿಗೆ ಫೋನ್ ಮಾಡಿದೆ, ನಿಜವಾಗಿ ಯಾರಾದರೂ ಎತ್ತುತ್ತಾರೆಯೇ ನೋಡೋಣ ಎಂದು. ಎತ್ತಿದರು. ಸಮಿತಿಯಲ್ಲಿ ಡಾಕ್ಟರಲ್ಲದವರೂ ಇರುತ್ತಾರೆ, ಕಾನೂನು ತಿಳಿದವರೂ ಸಾಮಾನ್ಯ ನಾಗರಿಕರೂ ಇರಬೇಕು ಎಂದು ಆ ಕಡೆಯವರು ತಾಳ್ಮೆಯಿಂದ ಹೇಳಿದರು. ಮೊದಲ ಪುಟದ ಮೂಲೆಯಲ್ಲಿ ಸಿಟಿಆರ್‌ಐ ಎಂದು ಆರಂಭವಾಗುವ ಉದ್ದನೆಯ ಸಂಖ್ಯೆ ಇತ್ತು. ಭಾರತದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ಈ ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸುವುದು 2009ರ ಜೂನ್‌ನಿಂದ ಕಡ್ಡಾಯ. ನಮ್ಮ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹುಡುಕಿದೆ, ಇತ್ತು. ಮಕ್ಕಳು ಸ್ಕಾಲರ್‌ಶಿಪ್ ಅರ್ಜಿ ತುಂಬುವ ಅದೇ ಕಂಪ್ಯೂಟರಿನಲ್ಲಿ ನನ್ನ ಹಣೆಬರಹದ ಸಂಖ್ಯೆಯನ್ನೂ ಓದಿದೆ.

ಸೇರಲು ಪರೀಕ್ಷೆಗಳಿವೆ. ರಕ್ತ, ಯಕೃತ್ತು, ಇಸಿಜಿ, ಸಕ್ಕರೆ. ಇಸಿಜಿ ಏಕೆಂದರೆ ವಾಂತಿ ತಡೆಯುವ ಕೆಲವು ಔಷಧಗಳು ಹೃದಯದ ಮಿಡಿತದ ಲಯವನ್ನು ಕೆಡಿಸಬಲ್ಲವು. ಸಕ್ಕರೆ ಏಕೆಂದರೆ ಒಲಾಂಜಪೈನ್ ಅದನ್ನು ಏರಿಸಬಲ್ಲದು. ಇಲ್ಲಿ ನಾನು ಒಂದು ದಿನ ಪೂರ್ತಿ ಕಳೆದುಕೊಂಡೆ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು, ಆಗುಂಬೆಯಲ್ಲಿ ಬಸ್ ನಿಂತಾಗ ಚಳಿಗೆ ಒಂದು ಲೋಟ ಕಾಫಿ ಕುಡಿದಿದ್ದೆ. ಖಾಲಿ ಹೊಟ್ಟೆಯ ರಕ್ತ ಬೇಕೆಂದು ಚೀಟಿಯಲ್ಲಿ ಬರೆದಿದ್ದರು, ನಾನು ಊಟ ಮಾಡಬಾರದು ಎಂದುಕೊಂಡಿದ್ದೆ. ಕಾಫಿಯೂ ಊಟವೇ! ಮರುದಿನ ಮತ್ತೆ ಕೊಟ್ಟಾಗ ಸಕ್ಕರೆ ಅಂಚಿನಲ್ಲಿತ್ತು, ಮೂರು ತಿಂಗಳ ಸರಾಸರಿ ತೋರಿಸುವ ಇನ್ನೊಂದು ಪರೀಕ್ಷೆ ಮಾಡಿ ಸರಿಯಿದೆ ಎಂದು ಸೇರಿಸಿಕೊಂಡರು.

ನೀವು ತೆಗೆದುಕೊಳ್ಳುವ ಬೇರೆ ಔಷಧಗಳ ಪಟ್ಟಿಯನ್ನೂ ಕೇಳುತ್ತಾರೆ. ತೊಗಟೆ ಔಷಧಿಗೆ ಜನ ಸಾಲು ನಿಲ್ಲುವುದು ನಮ್ಮ ಸೀಮೆಗೆ ಹೊಸದಲ್ಲ. ನನಗೂ ಯಾರೋ ತಂದುಕೊಟ್ಟಿದ್ದರು, ಹದಿನೈದು ದಿನ ಕುದಿಸಿ ಕುಡಿದಿದ್ದೆ. ಹೇಳಿದರೆ ಬೈಯುತ್ತಾರೆ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಯಜಮಾನರು ತಡೆಯದೆ ಹೇಳಿಬಿಟ್ಟರು. ಡಾಕ್ಟರರು ಬೈಯಲಿಲ್ಲ. ಅದರಲ್ಲಿ ಏನಿದೆ ಎಂದು ಗೊತ್ತಿಲ್ಲದಿದ್ದರೆ ಯಕೃತ್ತಿನ ಪರೀಕ್ಷೆ ಏರುಪೇರಾದಾಗ ಕಾರಣ ಹುಡುಕುವುದು ಕಷ್ಟ, ಕಿಮೊ ಮುಗಿಯುವವರೆಗೆ ನಿಲ್ಲಿಸಿ ಎಂದರು. ನಿಲ್ಲಿಸಿದೆ.

ದಾಖಲೆಗಳ ವಿಷಯ. ಆಧಾರ್, ಬಯಾಪ್ಸಿ ವರದಿ, ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಪತ್ರ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಎಲ್ಲದರ ಮೂರು ಮೂರು ಜೆರಾಕ್ಸ್. ನಮ್ಮದು ಬಿಪಿಎಲ್ ಕಾರ್ಡ್. ಕಿಮೊ ಖರ್ಚು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಹೋಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಅಧ್ಯಯನದವರು ಕೊಡುವುದು ಅವರ ಕ್ಯಾಪ್ಸೂಲ್, ಅದಕ್ಕಾಗಿ ಮಾಡುವ ಹೆಚ್ಚುವರಿ ಪರೀಕ್ಷೆ, ಪ್ರತಿ ಭೇಟಿಗೆ 500 ರೂಪಾಯಿ ಪ್ರಯಾಣದ ಖರ್ಚು, ಇಷ್ಟೇ. ನನ್ನ 500 ರೂಪಾಯಿ ಎರಡು ತಿಂಗಳು ಬರಲಿಲ್ಲ. ನಮ್ಮ ಬ್ಯಾಂಕ್ ಇನ್ನೊಂದರಲ್ಲಿ ವಿಲೀನವಾಗಿ ವರ್ಷಗಳೇ ಆಗಿದ್ದವು, ನನ್ನ ಬಳಿ ಇದ್ದದ್ದು ಹಳೆಯ ಪಾಸ್‌ಬುಕ್, ಅದರ ಐಎಫ್‌ಎಸ್‌ಸಿ ಸತ್ತುಹೋಗಿತ್ತು. ಮೊದಲೇ ಹೊಸದು ಮಾಡಿಸಿಕೊಳ್ಳಿ.

ಮೊದಲ ಕಿಮೊ ಸೆಪ್ಟೆಂಬರ್ ಮೊದಲ ವಾರ. ಪಲೊನೊಸೆಟ್ರಾನ್, ಡೆಕ್ಸಾಮೆಥಾಸೋನ್ ಇಂಜೆಕ್ಷನ್‌ಗಳು, ಅಪ್ರೆಪಿಟೆಂಟ್ ಎಂಬ ದೊಡ್ಡ ಕ್ಯಾಪ್ಸೂಲ್, ಇವು ಎಲ್ಲರಿಗೂ. ನನ್ನ ಕೈಗೆ ಮಾತ್ರ ಒಂದು ಪುಟ್ಟ ಬಿಳಿ ಬಾಟಲಿ, ಒಳಗೆ ನಾಲ್ಕು ಕ್ಯಾಪ್ಸೂಲ್, ನಾಲ್ಕು ರಾತ್ರಿಗೆ. ಜೊತೆಗೊಂದು ಡೈರಿ. ದಿನಕ್ಕೊಂದು ಪುಟದಂತೆ ಐದು ಪುಟ. ಕಿಮೊದ ವಾಂತಿಯಲ್ಲಿ ಎರಡು ಬಗೆಯಂತೆ: ಮೊದಲ 24 ಗಂಟೆಯದು ಒಂದು, ಅಲ್ಲಿಂದ 120 ಗಂಟೆಯವರೆಗಿನದು ಇನ್ನೊಂದು. ಅದಕ್ಕೇ ಐದು ದಿನ. ಪ್ರತಿ ಪುಟದಲ್ಲೂ ಎಷ್ಟು ಸಲ ವಾಂತಿ, ಎಷ್ಟು ಗಂಟೆಗೆ ಎಂಬ ಖಾನೆಗಳು. ಕೆಳಗೆ ಸೊನ್ನೆಯಿಂದ ಹತ್ತರವರೆಗೆ ಅಂಕೆ ಬರೆದ ಒಂದು ಗೆರೆ, ವಾಕರಿಕೆಗೆ. ಅದರ ಕೆಳಗೆ ಅಂಥದ್ದೇ ಇನ್ನೊಂದು, ನಿದ್ದೆಗೆ.

ಕಿಮೊ ಮುಗಿದಾಗ ಮಧ್ಯಾಹ್ನ ಎರಡೂವರೆ. ನನಗೇನೂ ಆಗಿರಲಿಲ್ಲ. ಮನೆಗೇ ಹೋಗೋಣ ಎಂದೆ. ಇದು ನಾನು ಮಾಡಿದ ಮೊದಲ ತಪ್ಪು, ನೀವು ಮಾಡಬೇಡಿ. ಬಾಡಿಗೆ ಕಾರು ಘಾಟಿಯ ಬುಡದ ಸೋಮೇಶ್ವರ ದಾಟುವವರೆಗೆ ನಾನು ಮಾತಾಡುತ್ತಲೇ ಇದ್ದೆ. ಆಗುಂಬೆ ಘಾಟಿಗೆ ಹದಿನಾಲ್ಕು ತಿರುವು. ನಾಲ್ಕನೆಯದರಲ್ಲಿ ಬಾಯಲ್ಲಿ ನೀರು ಬಂತು. ಏಳನೆಯದರಲ್ಲಿ ಕಾರು ನಿಲ್ಲಿಸಿದರು. ಮಳೆ ಹನಿಯುತ್ತಿತ್ತು. ಯಜಮಾನರು ಕೊಡೆ ಹಿಡಿದು ನಿಂತರು, ನಾನು ತಡೆಗೋಡೆ ಹಿಡಿದು ಬಾಗಿದೆ. ಒಂದು ಮಾರು ದೂರದಲ್ಲಿ ಅದೇ ಗೋಡೆಯ ಮೇಲೆ ಕುಳಿತಿದ್ದ ಮಂಗವೊಂದು, ತಿನ್ನಲು ಏನಾದರೂ ಸಿಗುತ್ತದೆಂದು ಬಂದದ್ದು, ನನ್ನನ್ನು ನೋಡಿ ಮುಖ ತಿರುಗಿಸಿತು. ಹನ್ನೊಂದನೆಯದರಲ್ಲಿ ಇನ್ನೊಮ್ಮೆ.

ರಾತ್ರಿ ಡೈರಿ ತೆರೆದಾಗ ಗೊಂದಲ. ಈ ವಾಂತಿ ಕಿಮೊದ್ದೋ ಘಾಟಿಯದ್ದೋ? ಅಧ್ಯಯನದ ಮಾತ್ರೆಯನ್ನು ನಾನಿನ್ನೂ ನುಂಗಿಯೇ ಇರಲಿಲ್ಲ, ಅದು ಮಲಗುವಾಗಿನದು. ಘಾಟಿಯ ತಪ್ಪನ್ನು ಪಾಪದ ಮಾತ್ರೆಯ ತಲೆಗೆ ಕಟ್ಟುವುದು ನ್ಯಾಯವಲ್ಲ ಅನ್ನಿಸಿ ಖಾನೆಯನ್ನು ಖಾಲಿ ಬಿಟ್ಟೆ. ಮರುದಿನ ಫೋನಿನಲ್ಲಿ ಇದನ್ನು ಹೇಳಿದಾಗ ಕೋಆರ್ಡಿನೇಟರ್ ಹುಡುಗಿ, ‘ಅಮ್ಮ, ಯಾರ ತಪ್ಪು ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ವಾಂತಿಯಾದರೆ ವಾಂತಿ ಎಂದು ಬರೆಯಿರಿ, ಪಕ್ಕದಲ್ಲಿ ಘಾಟಿ ಎಂದೂ ಬರೆಯಿರಿ’ ಎಂದಳು. ಎರಡನೆಯ ಸುತ್ತಿನಿಂದ ಎರಡು ರಾತ್ರಿ ಕೆಳಗೇ ಉಳಿದೆವು. ರೂಮಿಗೆ ದಿನಕ್ಕೆ 600. ಎಲ್ಲ ಸೇರಿ ಒಂದು ಸುತ್ತಿಗೆ ನಮ್ಮ ಕೈಯಿಂದ ಹೋದದ್ದು ಹತ್ತಿರ ಹತ್ತಿರ 5,000. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ ಎನ್ನಬೇಡಿ. ಈ ಘಾಟಿಯಲ್ಲಿ ನಮ್ಮ ಹೊತ್ತಿಗೆ ಸಿಕ್ಕಿದ್ದೆಲ್ಲ ಖಾಸಗಿ ಮಿನಿ ಬಸ್ಸುಗಳೇ.

ಮಾತ್ರೆ ನುಂಗಿದ ಮೊದಲ ರಾತ್ರಿಯ ನಿದ್ದೆಯನ್ನು ನಾನು ಬಾಳಂತಿಯಾಗಿದ್ದಾಗಲೂ ಕಂಡಿರಲಿಲ್ಲ. ಬೆಳಿಗ್ಗೆ ಹತ್ತೂವರೆಗೆ ಅತ್ತೆ ಬಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದರಂತೆ. ಎದ್ದರೂ ಕಾಲು ನನ್ನ ಮಾತು ಕೇಳಲಿಲ್ಲ, ನಡುಮನೆಯ ಹೊಸ್ತಿಲು ಎಡವಿ ಗೋಡೆ ಹಿಡಿದೆ. ನಮ್ಮ ಕಡೆ ಹಳೆ ಮನೆಗಳಲ್ಲಿ ಬಚ್ಚಲು, ಪಾಯಿಖಾನೆ ಮನೆಯ ಹಿಂದೆ, ಮಳೆಗಾಲದಲ್ಲಿ ಹಾವಸೆ ಕಟ್ಟಿದ ಕಲ್ಲಿನ ಮೇಲೆ ಹೋಗಬೇಕು. ಆ ನಾಲ್ಕು ರಾತ್ರಿ ಒಬ್ಬರೇ ಎದ್ದು ಹೋಗಬೇಡಿ. ಯಜಮಾನರು ನನ್ನ ಕೈಗೊಂದು ಕಂಚಿನ ಗಂಟೆ ಕೊಟ್ಟಿದ್ದರು, ದೇವರ ಮನೆಯದು. ಅದನ್ನು ಬಾರಿಸಿದರೆ ಎದ್ದು ಬರುತ್ತಿದ್ದರು, ‘ಮಂಗಳಾರತಿಗೆ ಹೊತ್ತಾಯಿತೇ’ ಎನ್ನುತ್ತ.

ಇನ್ನು ಫೋನು. ಎರಡನೆಯ ದಿನದಿಂದ ಐದನೆಯ ದಿನದವರೆಗೆ ಬೆಳಿಗ್ಗೆ ಹನ್ನೊಂದಕ್ಕೆ ಕರೆ ಬರುತ್ತದೆ, ಡೈರಿಯ ಅಂಕೆಗಳನ್ನು ಓದಿ ಹೇಳಬೇಕು. ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ. ಹಿಂದಿನ ಗುಡ್ಡ ಹತ್ತಿ ಗೇರುಮರದ ಬುಡಕ್ಕೆ ಹೋದರೆ ಎರಡು ಕಡ್ಡಿ ಬರುತ್ತದೆ. ಮೊದಲ ಸಲ ಯಜಮಾನರು ಡೈರಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೋದರು. ವಾಂತಿಯ ಲೆಕ್ಕ ಓದಿದರು. ವಾಕರಿಕೆ ಎಷ್ಟು ಎಂದರೆ, ‘ಅಡ್ಡಿಯಿಲ್ಲ’ ಎಂದರು. ನಿದ್ದೆ? ‘ಅದೂ ಅಡ್ಡಿಯಿಲ್ಲ.’ ಆ ಗೆರೆಗಳನ್ನು ನಾನು ತುಂಬಿರಲಿಲ್ಲ, ಅವರು ತಮ್ಮ ಅಂದಾಜು ಹೇಳಿದ್ದರು. ಹುಡುಗಿ ಒಪ್ಪಲಿಲ್ಲ. ಅವರ ಹೊಟ್ಟೆಯ ವಿಷಯ ಅವರೇ ಹೇಳಬೇಕು ಎಂದಳು. ಕೊನೆಗೆ ಪಕ್ಕದ ಮನೆಯ ಹುಡುಗನಲ್ಲಿ ವೈಫೈ ಇತ್ತು, ಅವರ ಜಗಲಿಗೆ ಹೋಗಿ ಕುಳಿತು ಮಾತಾಡುವುದು ಎಂದಾಯಿತು. ಕರೆಂಟ್ ಹೋದರೆ ವೈಫೈಯೂ ಇಲ್ಲ. ಅಂಥ ದಿನ ಬರೆದಿಟ್ಟು ಮರುದಿನ ಪುಟದ ಫೋಟೊ ಕಳಿಸುತ್ತಿದ್ದೆ. ಇದನ್ನು ಸೇರುವಾಗಲೇ ಹೇಳಿ, ಅವರು ಬೇರೆ ದಾರಿ ಮಾಡಿಕೊಡುತ್ತಾರೆ.

ಮೂರನೆಯ ದಿನ ಆ ಜಗಲಿಯಲ್ಲಿ ಕುಳಿತು ನಾನೂ ಅದನ್ನೇ ಹೇಳಿದೆ.

‘ಹೇಗಿದ್ದೀರಿ ಅಮ್ಮ?’

‘ಅಡ್ಡಿಯಿಲ್ಲ.’

‘ಅಡ್ಡಿಯಿಲ್ಲ ಎಂದರೆ ಹತ್ತರಲ್ಲಿ ಎಷ್ಟು?’

ಉತ್ತರ ಹೊಳೆಯಲಿಲ್ಲ. ನಮ್ಮ ಊರಲ್ಲಿ ಮನೆಯ ಹೆಂಚು ಹಾರಿಹೋದರೂ ಅಡ್ಡಿಯಿಲ್ಲ, ಕೊಳೆರೋಗಕ್ಕೆ ಅರ್ಧ ಫಸಲು ಉದುರಿದರೂ ಅಡ್ಡಿಯಿಲ್ಲ, ಮಗಳ ಮದುವೆ ಚೆನ್ನಾಗಿ ಆದರೂ ಅಡ್ಡಿಯಿಲ್ಲ. ಅದರಲ್ಲಿ ಸೊನ್ನೆಯೂ ಇದೆ, ಹತ್ತೂ ಇದೆ. ಹಿಂದಿನ ರಾತ್ರಿಯನ್ನು ನೆನಪು ಮಾಡಿಕೊಂಡೆ. ವಾಂತಿ ಆಗಿರಲಿಲ್ಲ. ಆದರೆ ಒಳಗೆ ಮಜ್ಜಿಗೆ ಕಡೆದಂತೆ ಒಂದೇ ಸಮನೆ ತೊಳಸುತ್ತಿತ್ತು, ಅಂಗಳದಲ್ಲಿ ಯಾರೋ ಬೀಡಿ ಸೇದಿದರೂ ತಡೆಯಲಾಗುತ್ತಿರಲಿಲ್ಲ, ಗಂಜಿಯ ಬಟ್ಟಲನ್ನು ಮೂರು ಸಲ ದೂರ ತಳ್ಳಿದ್ದೆ. ಏಳು ಎಂದೆ. ಆ ಕಡೆ ಒಂದು ಕ್ಷಣ ಮೌನ. ‘ಹಾಗಾದರೆ ತುರ್ತಿಗೆಂದು ಕೊಟ್ಟ ಮಾತ್ರೆ ತೆಗೆದುಕೊಂಡಿರಾ?’

ಇಲ್ಲ. ಆ ಮಾತ್ರೆ ತೆಗೆದುಕೊಂಡರೆ ಅಧ್ಯಯನದ ಮಾತ್ರೆ ಕೆಲಸ ಮಾಡಲಿಲ್ಲ ಎಂದು ಲೆಕ್ಕ ಎಂಬುದನ್ನು ಹನ್ನೊಂದು ಪುಟದಲ್ಲಿ ಓದಿದ್ದೆ. ಅಷ್ಟು ಜನ ಕಷ್ಟಪಟ್ಟು ಮಾಡುವ ಕೆಲಸ ನನ್ನಿಂದ ಹಾಳಾಗಬಾರದು ಎಂದು ಹಲ್ಲು ಕಚ್ಚಿ ಮಲಗಿದ್ದೆ. ಪರೀಕ್ಷೆಯಲ್ಲಿ ಫೇಲಾಗುವ ಹೆದರಿಕೆಯೇ ಇದು, ಐವತ್ತೊಂದರಲ್ಲಿ. ಹುಡುಗಿಗೆ ಅವತ್ತು ನಿಜವಾಗಿ ಸಿಟ್ಟು ಬಂದಿತ್ತು. ‘ಅಮ್ಮ, ಪರೀಕ್ಷೆ ನಿಮ್ಮದಲ್ಲ, ಮಾತ್ರೆಯದ್ದು. ನೀವು ಸಹಿಸಿಕೊಂಡು ಮೂರು ಎಂದು ಬರೆದರೆ, ಮಾತ್ರೆ ಸಾಕಾಗುತ್ತದೆ ಎಂದು ನಾವು ಬರೆದುಕೊಳ್ಳುತ್ತೇವೆ. ಮುಂದೆ ಇನ್ನೊಬ್ಬರು ಇದೇ ಥರ ರಾತ್ರಿ ಕಳೆಯುತ್ತಾರೆ.’ ಅವತ್ತು ಮಾತ್ರೆ ನುಂಗಿದೆ. ಒಂದು ಗಂಟೆಯಲ್ಲಿ ಏಳು ಮೂರಾಯಿತು, ಸಂಜೆ ಅತ್ತೆ ಮಾಡಿದ ಒಂದೆಲಗದ ತಂಬುಳಿಯಲ್ಲಿ ನಾಲ್ಕು ತುತ್ತು ಅನ್ನ ಇಳಿಯಿತು.

ಈ ಒಂದು ಮಾತಿಗಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ ಎಂದರೂ ಸರಿ. ಅಧ್ಯಯನಕ್ಕೆ ಸೇರದಿದ್ದರೂ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಅಂಕೆ ಬರೆಯಿರಿ. ಡಾಕ್ಟರರ ಮುಂದೆ ಇರುವುದು ಐದು ನಿಮಿಷ, ಆ ಐದು ನಿಮಿಷದಲ್ಲಿ ನಮ್ಮ ಬಾಯಿಂದ ಬರುವುದು ಅಡ್ಡಿಯಿಲ್ಲ ಎಂದೇ.

ಎರಡನೆಯ ಸುತ್ತು ಹಗುರ. ವಾಂತಿ ಒಂದೇ ಸಲ. ಮೂರನೆಯ ದಿನ ಎಂಥ ಹಸಿವು ಎಂದರೆ, ಗಂಜಿಗೆ ಅಪ್ಪೆಮಿಡಿ ಬೇಕು ಎಂದು ಹಟ ಹಿಡಿದೆ. ಈ ಮಾತ್ರೆ ಹಸಿವನ್ನೂ ಹೆಚ್ಚಿಸುತ್ತದಂತೆ. ಬಾಯಿಗೆ ರುಚಿಯೇ ತಿಳಿಯದ ದಿನಗಳಲ್ಲಿ ಆ ಹುಳಿ, ಆ ಸೊನೆಯ ಪರಿಮಳ ಮೂಗಿಗೆ ಬಂದಾಗ ಕಣ್ಣಲ್ಲಿ ನೀರು ಬಂತು. ಬಾಯಿಹುಣ್ಣು ಇದ್ದವರು ಈ ಸಾಹಸ ಮಾಡಬೇಡಿ. ಮಲಬದ್ಧತೆ ಮಾತ್ರ ಕಾಡಿತು, ಅದು ವಾಂತಿಯ ಇಂಜೆಕ್ಷನ್ನಿನ ಕೊಡುಗೆಯಂತೆ. ಕೇಳಿದರೆ ಅದಕ್ಕೂ ಔಷಧ ಕೊಡುತ್ತಾರೆ.

ಹತ್ತನೆಯ ದಿನ ಜ್ವರ ಬಂತು. 100.4 ಡಿಗ್ರಿ ದಾಟಿದರೆ ಕಾಯಬೇಡಿ ಎಂದು ಕಿಮೊ ವಾರ್ಡಿನಲ್ಲಿ ಹೇಳಿದ್ದರು. ನಮ್ಮ ಥರ್ಮಾಮೀಟರ್ 101 ತೋರಿಸಿತು. ರಾತ್ರಿ ಹನ್ನೊಂದಕ್ಕೆ ಜೀಪು ಹಿಡಿದು ಶಿವಮೊಗ್ಗಕ್ಕೆ ಹೋದೆವು. ಬಿಳಿ ರಕ್ತಕಣ ತೀರಾ ಇಳಿದಿತ್ತು, ಮೂರು ದಿನ ಆಂಟಿಬಯಾಟಿಕ್ ಹಾಕಿ ಮಲಗಿಸಿದರು. ಇದು ವಾಂತಿ ಮಾತ್ರೆಗೆ ಸಂಬಂಧಪಟ್ಟದ್ದಲ್ಲ ಎಂದು ನಾವು ಅಧ್ಯಯನದವರಿಗೆ ತಿಳಿಸಲೇ ಇಲ್ಲ. ಮುಂದಿನ ಭೇಟಿಯಲ್ಲಿ ಅವರಿಗೆ ಗೊತ್ತಾದಾಗ ಕೋಣೆಯಲ್ಲಿ ಓಡಾಟ ಶುರುವಾಯಿತು. ಅಧ್ಯಯನದಲ್ಲಿರುವವರು ಯಾವ ಕಾರಣಕ್ಕೆ ಆಸ್ಪತ್ರೆ ಸೇರಿದರೂ ಅದನ್ನು ಗಂಭೀರ ಘಟನೆ ಎಂದು 24 ಗಂಟೆಯೊಳಗೆ ಮೇಲಿನವರಿಗೆ, ಎಥಿಕ್ಸ್ ಸಮಿತಿಗೆ ವರದಿ ಮಾಡಬೇಕು. ಸಂಬಂಧ ಇದೆಯೋ ಇಲ್ಲವೋ ಎಂಬುದನ್ನು ಆಮೇಲೆ ನೋಡುತ್ತಾರೆ. ಡಿಸ್ಚಾರ್ಜ್ ಪತ್ರ, ಬಿಲ್ಲು ಎಲ್ಲದರ ನಕಲು ಕೇಳಿದರು. ಅಧ್ಯಯನದ ಕಾರ್ಡನ್ನು ಯಾವಾಗಲೂ ಪರ್ಸಿನಲ್ಲಿಡಿ, ಬೇರೆ ಆಸ್ಪತ್ರೆಗೆ ಹೋದರೆ ಮೊದಲು ಅದನ್ನು ತೋರಿಸಿ. ಏನು ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಅಲ್ಲಿಯ ಡಾಕ್ಟರರಿಗೂ ತಿಳಿಯಬೇಕಲ್ಲ. ಮೂರನೆಯ ಕಿಮೊ ಒಂದು ವಾರ ಮುಂದೆ ಹೋಯಿತು.

ಆ ಮೂರನೆಯ ಸಲ ಒಂದು ವಿಚಿತ್ರ ನಡೆಯಿತು. ಕಿಮೊಗೆ ಹೋಗುವಾಗ, ಔಷಧ ಒಂದು ಹನಿಯೂ ಒಳಗೆ ಹೋಗುವ ಮೊದಲೇ, ಸೋಮೇಶ್ವರದಲ್ಲಿ ವಾಂತಿ. ತಿರುವುಗಳೆಲ್ಲ ಮುಗಿದಿದ್ದವು. ಮುಂದಿನ ಸೀಟಿನವರ ಕೈಯಿಂದ ಸ್ಯಾನಿಟೈಸರ್ ವಾಸನೆ ಬಂದದ್ದಷ್ಟೇ ನೆಪ. ಮನಸ್ಸು ಮೊದಲೇ ನೆನಪಿಸಿಕೊಂಡು ಹೊಟ್ಟೆಗೆ ಸುದ್ದಿ ಕೊಡುವುದು ಇದು, ಹಲವರಿಗೆ ಆಗುತ್ತದೆ ಎಂದರು ಡಾಕ್ಟರರು. ಹಿಂದಿನ ರಾತ್ರಿ ತೆಗೆದುಕೊಳ್ಳಲು ಬೇರೊಂದು ಮಾತ್ರೆ ಬರೆದುಕೊಟ್ಟರು. ಆದರೆ ಈ ವಾಂತಿಗೆ ಡೈರಿಯಲ್ಲಿ ಖಾನೆಯೇ ಇರಲಿಲ್ಲ. ಲೆಕ್ಕ ಶುರುವಾಗುವುದು ಕಿಮೊ ಹನಿ ಬಿದ್ದ ಮೇಲೆ. ನಾನು ಅಂಚಿನಲ್ಲಿ ಬರೆದೆ: ‘ಬೆಳಿಗ್ಗೆ 8.10, ಸೋಮೇಶ್ವರ, ಸ್ಯಾನಿಟೈಸರ್.’

ನಾಲ್ಕನೆಯ ಸುತ್ತು ಮುಗಿದು ಮನೆಗೆ ಬರುವ ಹೊತ್ತಿಗೆ ಅಂಗಳದಲ್ಲಿ ಅಡಿಕೆ ಬೇಯುತ್ತಿತ್ತು. ಮೊದಲ ಕೊಯ್ಲು. ಹಂಡೆಯಿಂದ ಏಳುವ ಆ ಒಗರು ಹಬೆ ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದದ್ದು, ದೀಪಾವಳಿ ಎಂದರೆ ನನಗೆ ಅದೇ ವಾಸನೆ. ಈ ಸಲ ಒಂಬತ್ತು. ಒಂಬತ್ತು ಎಂದು ಬರೆಯುವಾಗ ಕೈ ನಡುಗಲಿಲ್ಲ. ಯಜಮಾನರು ಮರುದಿನದಿಂದ ಹಂಡೆಯನ್ನು ಕೊಟ್ಟಿಗೆಯ ಆಚೆ ಹೊತ್ತೊಯ್ದು ಒಲೆ ಹೂಡಿದರು. ಕೂಲಿಯಾಳುಗಳು ಗೊಣಗಿದರು, ನೀರು ಅಷ್ಟು ದೂರ ಹೊರಬೇಕಲ್ಲ. ಗೊಣಗಲಿ.

ಬಾಟಲಿಗಳನ್ನು ಎಸೆಯಬಾರದು. ನುಂಗದೆ ಉಳಿದ ಕ್ಯಾಪ್ಸೂಲ್ ಇದ್ದರೆ ಅದನ್ನೂ, ಇಲ್ಲದಿದ್ದರೆ ಖಾಲಿ ಬಾಟಲಿಯನ್ನೂ ವಾಪಸು ಕೊಡಬೇಕು, ಅವರು ಎಣಿಸಿ ಬರೆದುಕೊಳ್ಳುತ್ತಾರೆ. ಮೊನ್ನೆ ಕೊನೆಯ ಭೇಟಿಗೆ ಹೊರಡುವಾಗ ಮೂರೇ ಸಿಕ್ಕವು. ಮನೆಯೆಲ್ಲ ಹುಡುಕಿದ ಮೇಲೆ ನಾಲ್ಕನೆಯದು ಅಡುಗೆಮನೆಯ ಕಪಾಟಿನಲ್ಲಿ ಸಿಕ್ಕಿತು, ಅತ್ತೆ ಅದರಲ್ಲಿ ಏಲಕ್ಕಿ ತುಂಬಿಸಿಟ್ಟಿದ್ದರು. ಗಟ್ಟಿ ಮುಚ್ಚಳ, ಗಾಳಿಯಾಡುವುದಿಲ್ಲ ಎಂದು ಅವರ ಮೆಚ್ಚುಗೆ. ಒರೆಸಿ ಕೊಟ್ಟೆ. ಹುಡುಗಿ ಮುಚ್ಚಳ ತೆಗೆದು ಮೂಸಿ ನನ್ನ ಮುಖ ನೋಡಿದಳು, ಇದನ್ನೂ ಬರೆದುಕೊಳ್ಳಬೇಕೇ ಎಂಬಂತೆ.

ನನ್ನದು 5 ಮಿಲಿಗ್ರಾಮೋ 2.5ಓ ಎಂದು ಕೇಳಿದೆ. ಅವಳಿಗೂ ಗೊತ್ತಿಲ್ಲ. ಎಲ್ಲ ರೋಗಿಗಳ ಲೆಕ್ಕ ಮುಗಿದು, ಪಟ್ಟಿಗೆ ಬೀಗ ಬಿದ್ದ ಮೇಲೆಯೇ ಗುಟ್ಟು ತೆರೆಯುವುದು. ಆ ಮೊದಲ ನಿದ್ದೆಯನ್ನು ನೋಡಿದರೆ 5 ಎಂದು ಯಜಮಾನರ ವಾದ. ಏಳು ಬಂದ ರಾತ್ರಿಯನ್ನು ನೋಡಿದರೆ 2.5 ಎಂದು ನನ್ನದು.

ಮುಂದಿನ ಗುರುವಾರದಿಂದ ವಾರದ ಕಿಮೊ, ಪ್ಯಾಕ್ಲಿಟ್ಯಾಕ್ಸೆಲ್. ಅದಕ್ಕೆ ವಾಂತಿ ಅಷ್ಟಿಲ್ಲವಂತೆ, ಬೆರಳ ತುದಿ ಜೋಮು ಹಿಡಿಯುತ್ತದಂತೆ. ಶಿವಮೊಗ್ಗದಲ್ಲೇ ಕೊಡಿಸಿಕೊಳ್ಳಲು ಪತ್ರ ಬರೆಸಿಕೊಂಡೆವು, ಘಾಟಿ ತಪ್ಪಿತು. ಹೊರಡುವ ಮೊದಲು ಫಲಿತಾಂಶ ತಿಳಿಸಲು ವಿಳಾಸ ಬರೆದುಕೊಡಿ ಎಂದರು. ಮನೆಯ ಹೆಸರು, ಊರು, ಅಂಚೆ, ಪಿನ್ ಕೋಡ್ ಬರೆದೆ. ಫೋನ್ ನಂಬರಿನ ಪಕ್ಕದಲ್ಲಿ ‘ಗೇರುಮರದ ಹತ್ತಿರ ಇದ್ದಾಗ ಮಾತ್ರ’ ಎಂದು ಸೇರಿಸಿದೆ.